ಇಕ್ಕಳ ಬಂದೂಕಾದ ಹೊತ್ತು

ಪ್ರೇಮಚಂದರ ‘ಈದ್ಗಾಹ್’ ಕತೆ ನಮ್ಮಲ್ಲಿ ಬಹುಮಂದಿಗೆ ಗೊತ್ತು. ಹಿಂದಿ ಪಠ್ಯದಲ್ಲಿ ಓದಿದವರಿದ್ದಾರೆ, ಉರ್ದುವಿನಲ್ಲಿ ಓದಿದವರಿದ್ದಾರೆ, ಎಲ್ಲಿಯೂ ಓದದೆ ಮೇಷ್ಟ್ರ ಬಾಯಿಂದ ಕೇಳಿದವರೂ ಇದ್ದಾರೆ. ಕತೆಯ ಸಾರ ಹೇಳಿ ಎಂದರೆ ಎಲ್ಲರದೂ ಒಂದೇ ಉತ್ತರ. ನಾಲ್ಕೈದು ವರ್ಷದ ತಬ್ಬಲಿ ಹುಡುಗ ಹಾಮಿದ್ ಈದ್ ಜಾತ್ರೆಗೆ ಹೋದ. ಜೇಬಿನಲ್ಲಿದ್ದದ್ದು ಮೂರೇ ಪೈಸೆ. ಮಿಠಾಯಿ ತಿನ್ನಲಿಲ್ಲ, ಗೊಂಬೆ ಕೊಳ್ಳಲಿಲ್ಲ. ರೊಟ್ಟಿ ಸುಡುವಾಗ ಬೆರಳು ಸುಟ್ಟುಕೊಳ್ಳುತ್ತಿದ್ದ ಅಜ್ಜಿ ಅಮೀನಾಳಿಗಾಗಿ ಒಂದು ಇಕ್ಕಳ ತಂದ. ನೀತಿ: ತ್ಯಾಗ ಮತ್ತು ಹಿರಿಯರ ಮೇಲಿನ ಪ್ರೀತಿ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ.

ಈ ಉತ್ತರ ತಪ್ಪಲ್ಲ. ಆದರೆ ಅದು ಅರ್ಧ ಕತೆಯ ಉತ್ತರ. ಇಕ್ಕಳ ಕೊಂಡ ಕ್ಷಣಕ್ಕೂ ಅದು ಅಜ್ಜಿಯ ಕೈ ಸೇರುವ ಕ್ಷಣಕ್ಕೂ ನಡುವೆ ಕತೆಯಲ್ಲಿ ಒಂದು ದೀರ್ಘ ವಾಗ್ವಾದವಿದೆ. ಕತೆಗಾರ ಅತ್ಯಂತ ಖುಷಿಯಿಂದ ಬರೆದ ಭಾಗ ಅದೇ ಎಂದು ನಮಗೆ ತೋರುತ್ತದೆ. ತ್ಯಾಗವನ್ನು ಬೋಧಿಸುವುದಷ್ಟೇ ಪ್ರೇಮಚಂದರ ಉದ್ದೇಶವಾಗಿದ್ದರೆ ಆ ಭಾಗದ ಅಗತ್ಯವೇ ಇರಲಿಲ್ಲ. ಹುಡುಗ ಇಕ್ಕಳ ಕೊಂಡು ನೇರ ಮನೆಗೆ ಬರಬಹುದಿತ್ತು. ಅವನು ಹಾಗೆ ಬರುವುದಿಲ್ಲ. ಇಕ್ಕಳವನ್ನು ಹೆಗಲಿಗೇರಿಸಿ ಗೆಳೆಯರ ಮುಂದೆ ಠೀವಿಯಿಂದ ನಿಲ್ಲುತ್ತಾನೆ. ಅಲ್ಲಿಂದ ಮುಂದೆ ನಡೆಯುವುದು ತ್ಯಾಗವಲ್ಲ, ಆಟ.

ಗೆಳೆಯರ ಕೈಯಲ್ಲಿ ಬಣ್ಣದ ಮಣ್ಣಿನ ಗೊಂಬೆಗಳಿವೆ. ಮಹಮೂದನದು ಸಿಪಾಯಿ, ಮೊಹಸಿನನದು ನೀರು ಹೊರುವ ಭಿಶ್ತಿ, ನೂರೆಯದು ವಕೀಲ. ಹಾಮಿದನ ಕೈಯಲ್ಲಿರುವುದು ಕಬ್ಬಿಣದ ತುಂಡು. ಎಲ್ಲರೂ ನಗುತ್ತಾರೆ. ಆಗ ಹಾಮಿದ್ ಆ ಕಬ್ಬಿಣಕ್ಕೆ ಒಂದೊಂದಾಗಿ ವೇಷ ಹಾಕುತ್ತಾನೆ. ಹೆಗಲ ಮೇಲಿಟ್ಟರೆ ಬಂದೂಕು, ಕೈಯಲ್ಲಿ ಹಿಡಿದರೆ ಫಕೀರನ ಚಿಮಟ, ಬಡಿದರೆ ತಾಳ. ಹುಲಿ ಬಂದರೆ ಸಿಪಾಯಿ ಓಡುತ್ತಾನೆ, ವಕೀಲ ಗೌನಿನಲ್ಲಿ ಮುಖ ಹುದುಗಿಸುತ್ತಾನೆ, ಇಕ್ಕಳ ಮಾತ್ರ ಹುಲಿಯ ಕುತ್ತಿಗೆಗೆ ಹಾರುತ್ತದೆ. ಎದುರಾಳಿಗಳೂ ಕಡಿಮೆಯವರಲ್ಲ. ವಕೀಲ ಕುರ್ಚಿಯ ಮೇಲೆ ಕೂರುತ್ತಾನೆ, ನಿನ್ನ ಇಕ್ಕಳ ಅಡುಗೆಮನೆಯಲ್ಲಿ ಬಿದ್ದಿರುತ್ತದೆ ಎಂದು ಕೆಣಕುತ್ತಾರೆ. ಹಾಮಿದನಿಗೆ ತಕ್ಕ ತರ್ಕ ಸಿಗುವುದಿಲ್ಲ. ಇಕ್ಕಳ ಹೋಗಿ ವಕೀಲನನ್ನು ನೆಲಕ್ಕೆ ಕೆಡವಿ ಅವನ ಕಾನೂನನ್ನು ಅವನ ಹೊಟ್ಟೆಗೇ ತುರುಕುತ್ತದೆ ಎಂದುಬಿಡುತ್ತಾನೆ. ಮಾತಿಗೆ ತಲೆಬುಡವಿಲ್ಲ, ಆದರೆ ಹೊಸತನವಿದೆ. ಅದಕ್ಕೇ ಗೆಲ್ಲುತ್ತದೆ. ಲೇಖಕರೇ ಇದನ್ನು ನಗುತ್ತಾ ಒಪ್ಪಿಕೊಳ್ಳುತ್ತಾರೆ. ಮಕ್ಕಳ ಲೋಕದಲ್ಲಿ ಗೆಲ್ಲುವುದು ಸರಿಯಾದ ಮಾತಲ್ಲ, ಕಲ್ಪನೆಯನ್ನು ಒಂದು ಹೆಜ್ಜೆ ಮುಂದೆ ಒಯ್ಯುವ ಮಾತು ಎಂಬ ಅರಿವು ಅಲ್ಲಿದೆ.

ಆ ವಸ್ತುವಿಗೆ ಹಿಂದಿಯಲ್ಲಿ ‘ಚಿಮಟಾ’ ಎಂದು ಹೆಸರು. ಉರ್ದುವಿನಲ್ಲಿ ‘ದಸ್ತ್‌ಪನಾಹ್’, ಅಂದರೆ ಕೈಗೆ ಆಸರೆ. ಕತೆಯನ್ನು ಉರ್ದುವಿನಲ್ಲಿ ಓದುವಾಗ ಈ ಹೆಸರೇ ಒಂದು ವ್ಯಾಖ್ಯಾನದಂತೆ ಕೇಳಿಸುತ್ತದೆ. ಅಜ್ಜಿಯ ಕೈಗೆ ಅದು ಬೆಂಕಿಯಿಂದ ಆಸರೆ. ಆದರೆ ಅದಕ್ಕೂ ಮುಂಚೆ, ಬರಿಗೈಯ ಹುಡುಗನೊಬ್ಬನಿಗೆ ಜಾತ್ರೆಯ ನಡುವೆ ಸಿಕ್ಕ ಆಸರೆಯೂ ಹೌದು.

‘ಈದ್ಗಾಹ್’ ಅಚ್ಚಾದದ್ದು 1933ರಲ್ಲಿ. ಅದೇ ವರ್ಷ ದೂರದ ಲೆನಿನ್‌ಗ್ರಾಡಿನಲ್ಲಿ ಲೆವ್ ವೈಗಾಟ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಮಕ್ಕಳ ಆಟದ ಕುರಿತು ಒಂದು ಉಪನ್ಯಾಸ ಕೊಟ್ಟರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪುವ ದಾರಿಯೇ ಇರಲಿಲ್ಲ. ಆದರೂ ಇಬ್ಬರೂ ಒಂದೇ ವಿಷಯವನ್ನು ಕಂಡಿದ್ದರು. ವೈಗಾಟ್‌ಸ್ಕಿಯವರ ಉದಾಹರಣೆ ಕೋಲುಕುದುರೆ. ತೀರಾ ಚಿಕ್ಕ ಮಗುವಿಗೆ ವಸ್ತು ಮತ್ತು ಅದರ ಅರ್ಥ ಬೇರೆಬೇರೆಯಲ್ಲ, ಕಂಡದ್ದೇ ಇರುವುದು. ಕೋಲನ್ನು ಕಾಲುಗಳ ನಡುವೆ ಇಟ್ಟು ‘ಇದು ಕುದುರೆ’ ಎಂದಾಗ ಮೊದಲ ಬಾರಿಗೆ ಕುದುರೆ ಎಂಬ ಅರ್ಥ ನಿಜವಾದ ಕುದುರೆಯಿಂದ ಬಿಡಿಸಿಕೊಂಡು ಬರುತ್ತದೆ. ಹಾಗೆ ಬರಲು ಅದಕ್ಕೊಂದು ಊರುಗೋಲು ಬೇಕು. ಕೋಲು ಆ ಊರುಗೋಲು. ಮುಂದೆ ಅಕ್ಷರ, ಅಂಕಿ, ಅಮೂರ್ತ ವಿಚಾರ ಎಲ್ಲಕ್ಕೂ ಈ ಬಿಡಿಸಿಕೊಳ್ಳುವಿಕೆಯೇ ಮೊದಲ ಮೆಟ್ಟಿಲು. ‘ಅ’ ಎಂಬ ಗೆರೆ ಒಂದು ಧ್ವನಿಯಾಗಬೇಕಾದರೂ ಮನಸ್ಸು ಇದೇ ಕೆಲಸ ಮಾಡಬೇಕು.

ಅವರು ಇನ್ನೊಂದು ಸೂಕ್ಷ್ಮವನ್ನೂ ಹೇಳಿದ್ದರು. ಮಗುವಿಗೆ ಯಾವ ವಸ್ತು ಬೇಕಾದರೂ ಕುದುರೆಯಾಗುವುದಿಲ್ಲ. ಅಂಚೆ ಕಾರ್ಡನ್ನು ಕುದುರೆ ಎಂದು ದೊಡ್ಡವರು ಬಾಯಲ್ಲಿ ಒಪ್ಪಬಹುದು, ಮಗು ಒಪ್ಪದು. ಕುದುರೆಯಾಗಬೇಕಾದರೆ ಅದನ್ನು ಏರಿ ಓಡಲು ಬರಬೇಕು. ಮೈಯ ಚಲನೆಗೆ ಒದಗುವ ವಸ್ತುವೇ ಕಲ್ಪನೆಗೂ ಒದಗುತ್ತದೆ. ಹಾಮಿದನ ಇಕ್ಕಳವನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಅದು ಉದ್ದವಾಗಿದೆ, ಹೆಗಲಿಗೆ ಏರುತ್ತದೆ. ಎರಡು ಬಾಯಿಗಳಿವೆ, ಕಚ್ಚುತ್ತದೆ. ಬಡಿದರೆ ಸದ್ದು ಮಾಡುತ್ತದೆ. ಮಣ್ಣಿನ ವಕೀಲನಿಗೆ ಇವೊಂದೂ ಸಾಧ್ಯವಿಲ್ಲ. ವಕೀಲ ವಕೀಲನಾಗಿಯೇ ಹುಟ್ಟಿದ್ದಾನೆ.

ಹಾಗೆಂದು ಉಳಿದ ಹುಡುಗರನ್ನು ದಡ್ಡರೆನ್ನುವಂತಿಲ್ಲ. ಪಾಠಪುಸ್ತಕದ ಓದು ಅವರಿಗೂ ಅನ್ಯಾಯ ಮಾಡಿದೆ. ಗೊಂಬೆಗಳೆಲ್ಲ ಒಡೆದವು, ಇಕ್ಕಳ ಉಳಿಯಿತು, ಆದ್ದರಿಂದ ಉಪಯುಕ್ತ ವಸ್ತುವನ್ನೇ ಕೊಳ್ಳಬೇಕು ಎಂದು ಮೇಷ್ಟ್ರು ಮುಗಿಸುತ್ತಾರೆ. ಗೊಂಬೆಗಳು ಹೇಗೆ ಒಡೆದವೆಂದು ಪ್ರೇಮಚಂದರು ಬರೆದಿರುವುದನ್ನು ಓದಿ. ನೂರೆ ತನ್ನ ವಕೀಲನಿಗೆ ಹಲಗೆಯ ಆಸನ ಮಾಡಿ, ಕಾಗದದ ಜಮಖಾನ ಹಾಸಿ, ಬೀಸಣಿಗೆಯಿಂದ ಗಾಳಿ ಹಾಕುತ್ತಾನೆ. ಮಹಮೂದನ ಸಿಪಾಯಿ ಬುಟ್ಟಿಯ ಪಲ್ಲಕ್ಕಿಯಲ್ಲಿ ಮಲಗಿ ರಾತ್ರಿ ಗಸ್ತು ತಿರುಗುತ್ತಾನೆ. ಬಿದ್ದು ಕಾಲು ಮುರಿದಾಗ ಮಹಮೂದ್ ವೈದ್ಯನಾಗಿ ಮರದ ಹಾಲು ಹಚ್ಚಿ ಅಂಟಿಸಲು ನೋಡುತ್ತಾನೆ. ಅದು ಫಲಿಸದಿದ್ದಾಗ ಇನ್ನೊಂದು ಕಾಲನ್ನೂ ಮುರಿದು ಕೂರಿಸುತ್ತಾನೆ. ಪೇಟ ಕೆರೆದು ಹಾಕಿದ ಮೇಲೆ ಸಿಪಾಯಿ ಸನ್ಯಾಸಿಯಾಗುತ್ತಾನೆ, ಒಮ್ಮೊಮ್ಮೆ ದೇವರಾಗುತ್ತಾನೆ, ಕಡೆಗೆ ತೂಕದ ಬಟ್ಟೂ ಆಗುತ್ತಾನೆ. ಇಡಿಯಾಗಿದ್ದಾಗ ಅವನು ಸಿಪಾಯಿ ಮಾತ್ರ. ಮುರಿದ ಮೇಲೆ ಏನು ಬೇಕಾದರೂ. ಕತೆಗಾರ ಇಲ್ಲಿ ಗೊಂಬೆಯನ್ನು ಹೀಗಳೆದಿಲ್ಲ. ಅಂಗಡಿಯ ಗೊಂಬೆ ಮಗುವಿನ ಕೈಯಲ್ಲಿ ಕಚ್ಚಾ ಸಾಮಗ್ರಿಯಾಗುವ ಬಗೆಯನ್ನು ತೋರಿಸಿದ್ದಾರೆ. ನಮ್ಮ ಮನೆಗಳಲ್ಲಿ ಹೀಗೆ ಆಗುವುದಿಲ್ಲ, ಏಕೆಂದರೆ ಗೊಂಬೆ ಮುರಿದೀತೆಂದು ಅದನ್ನು ಶೋಕೇಸಿನಲ್ಲಿ ಇಟ್ಟು ಬೀಗ ಹಾಕುತ್ತೇವೆ.

ಇಲ್ಲೊಂದು ಅಪಾಯದ ಬಗ್ಗೆ ಎಚ್ಚರ ಬೇಕು. ‘ಬಡವರ ಮಕ್ಕಳಿಗೆ ಆಟಿಕೆ ಏಕೆ, ಕಲ್ಲುಕಡ್ಡಿಯಲ್ಲೇ ಆಡಿಕೊಳ್ಳುತ್ತಾವೆ’ ಎಂದು ಹೇಳುವುದು ಬಹಳ ಸುಲಭ. ಹಾಮಿದನಿಗೆ ಗೊಂಬೆ ಬೇಕಿರಲಿಲ್ಲವೆಂದು ಕತೆ ಎಲ್ಲಿಯೂ ಹೇಳುವುದಿಲ್ಲ. ಒಂದು ಕ್ಷಣವಾದರೂ ಮುಟ್ಟಿ ನೋಡಬೇಕೆಂದು ಅವನು ಕೈ ಚಾಚುತ್ತಾನೆ, ಗೆಳೆಯರು ಕೊಡುವುದಿಲ್ಲ. ವಾದದಲ್ಲಿ ಗೆದ್ದ ಮೇಲೆಯೇ ಅವರು ಇಕ್ಕಳವನ್ನು ಹಿಡಿದು ನೋಡುತ್ತಾರೆ, ಅವನ ಕೈಗೂ ಗೊಂಬೆಗಳು ಬರುತ್ತವೆ. ಅಂದರೆ ಕಲ್ಪನೆ ಅವನಿಗೆ ಗೊಂಬೆಯ ಬದಲಿಗೆ ಸಿಕ್ಕ ಸಮಾಧಾನವಲ್ಲ. ಗೊಂಬೆಗಳಿರುವ ಕೂಟದೊಳಗೆ ಹೋಗಲು ಸಿಕ್ಕ ಬಾಗಿಲು. ಬಡ ಮಗು ಆಡದೇ ಇರುವುದನ್ನೇ ಸದ್ಗುಣವೆಂದು ಹೊಗಳುವ ಓದು, ಆ ಮಗುವಿನಿಂದ ಗೊಂಬೆಯನ್ನಷ್ಟೇ ಅಲ್ಲ, ಆಟವನ್ನೂ ಕಸಿದುಕೊಳ್ಳುತ್ತದೆ. ಸರಳ ಸಾಮಗ್ರಿ ಎಂದರೆ ಏನೂ ಕೊಡದಿರುವುದಲ್ಲ. ಸಮಯ ಕೊಡಬೇಕು, ಜಾಗ ಕೊಡಬೇಕು, ಜೊತೆಗೆ ಕತೆಯನ್ನೂ ಕೊಡಬೇಕು.

ಕತೆ ಏಕೆ ಬೇಕು ಎಂಬುದಕ್ಕೆ ನಮ್ಮ ಪರಂಪರೆಯಲ್ಲೇ ಒಂದು ಸುಂದರ ಸಾಕ್ಷ್ಯವಿದೆ. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಬರುವ ವೃತ್ತಾಂತ ಇದು. ಗಾಳಿಗೆ ಪರದೆ ಸರಿದಾಗ ಹ. ಆಯಿಶಾ(ರ)ರ ಬೊಂಬೆಗಳು ಪ್ರವಾದಿ(ಸ)ಯವರ ಕಣ್ಣಿಗೆ ಬೀಳುತ್ತವೆ. ಅವುಗಳ ನಡುವೆ ಒಂದು ಕುದುರೆ, ಅದಕ್ಕೆ ಚಿಂದಿಯ ಎರಡು ರೆಕ್ಕೆ. ಕುದುರೆಗೆ ರೆಕ್ಕೆಯೇ ಎಂದು ಅವರು ಕೇಳುತ್ತಾರೆ. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂಬ ಉತ್ತರ ಬರುತ್ತದೆ. ಪ್ರವಾದಿ(ಸ)ಯವರು ಮನಸಾರೆ ನಗುತ್ತಾರೆ. ಬೊಂಬೆಯಾಟ ಸಲ್ಲುತ್ತದೆಯೇ ಎಂಬ ಚರ್ಚೆಗಳಲ್ಲಿ ಈ ವೃತ್ತಾಂತವನ್ನು ಮತ್ತೆ ಮತ್ತೆ ಉದಾಹರಿಸಲಾಗುತ್ತದೆ. ನಾವಿಲ್ಲಿ ಗಮನಿಸಬೇಕೆನ್ನುವುದು ಬೇರೊಂದನ್ನು. ರೆಕ್ಕೆ ಬಂದದ್ದು ಚಿಂದಿಯಿಂದಲ್ಲ, ಕೇಳಿದ್ದ ಕತೆಯಿಂದ. ಚಿಂದಿ ಅದಕ್ಕೆ ರೂಪ ಕೊಟ್ಟಿತು. ಕತೆ ಕೇಳದ ಮಗುವಿನ ಮುಂದೆ ಎಷ್ಟು ಚಿಂದಿ ರಾಶಿ ಹಾಕಿದರೂ ಅದು ಚಿಂದಿಯಾಗಿಯೇ ಉಳಿಯುವ ಸಂಭವವೇ ಹೆಚ್ಚು. ಇನ್ನು ನಗುವಿನ ವಿಷಯ. ರೆಕ್ಕೆ ಕಿತ್ತುಹಾಕು ಎನ್ನದೆ, ಉತ್ತರ ತಿದ್ದದೆ ನಕ್ಕ ಆ ನಗುವಿಗಿಂತ ದೊಡ್ಡ ಶಿಕ್ಷಣಶಾಸ್ತ್ರ ಯಾವುದಿದೆ?

ಚಿತ್ರಪುಸ್ತಕದ ಪ್ರಶ್ನೆ ಬರುವುದು ಇಲ್ಲಿ. ಓದು ಬಾರದ ವಯಸ್ಸಿನಲ್ಲಿ ಮಗುವಿಗೆ ಕತೆಯನ್ನೂ ರೂಪವನ್ನೂ ಒಟ್ಟಿಗೆ ಕೊಡಬಲ್ಲ ಸಾಧನ ಅದು. ಆದರೆ ನಮ್ಮ ಪೇಟೆಯಲ್ಲಿ ಚಿತ್ರಪುಸ್ತಕವೆಂದರೆ ಬಹಳಮಟ್ಟಿಗೆ ಅಕ್ಷರದ ಪುಸ್ತಕ. ನುಣುಪು ಕಾಗದದ ಮೇಲೆ ‘ಆ’ ಎಂದು ಬರೆದು ಪಕ್ಕದಲ್ಲೊಂದು ಆನೆ. ಆ ಆನೆ ಎಲ್ಲಿಗೂ ಹೋಗುವುದಿಲ್ಲ, ಯಾರನ್ನೂ ಭೇಟಿಯಾಗುವುದಿಲ್ಲ. ಅಕ್ಷರದ ಸೇವೆಗೆ ನಿಂತ ಜವಾನನಂತೆ ನಿಂತೇ ಇರುತ್ತದೆ. ಅದು ಪುಸ್ತಕದ ರೂಪದಲ್ಲಿರುವ ಮಣ್ಣಿನ ವಕೀಲ.

ಇದಕ್ಕೆ ಪ್ರತಿಯಾಗಿ ಅಮೆರಿಕದ ಮಾರಿಸ್ ಸೆಂಡಾಕ್ 1963ರಲ್ಲಿ ಪ್ರಕಟಿಸಿದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಪುಸ್ತಕವನ್ನು ನೋಡಬಹುದು. ತಂಟೆ ಮಾಡಿದ ಮ್ಯಾಕ್ಸ್ ಎಂಬ ಹುಡುಗನಿಗೆ ತಾಯಿ ಊಟ ಕೊಡದೆ ಕೋಣೆಗೆ ಕಳಿಸುತ್ತಾಳೆ. ಕೋಣೆ ಕಾಡಾಗುತ್ತದೆ, ದೋಣಿ ಬರುತ್ತದೆ, ಅವನು ಭಯಂಕರ ಪ್ರಾಣಿಗಳ ನಾಡಿಗೆ ರಾಜನಾಗುತ್ತಾನೆ. ಪದಗಳು ಹೇಳುವುದು ಇಷ್ಟು. ಮೊದಲ ಚಿತ್ರಗಳಲ್ಲಿ ಪದಗಳು ಹೇಳದ ಸಂಗತಿಗಳಿವೆ. ಹುಡುಗ ಬಟ್ಟೆಗಳನ್ನು ಗಂಟುಹಾಕಿ ಗೋಡೆಗೆ ಕಟ್ಟಿ ಡೇರೆ ಮಾಡುತ್ತಿದ್ದಾನೆ. ಮುಂದಿನ ಚಿತ್ರದ ಗೋಡೆಯ ಮೇಲೆ ಅವನೇ ಬರೆದು ಹೆಸರು ಹಾಕಿದ ಒಂದು ವಿಕಾರ ಪ್ರಾಣಿಯ ಚಿತ್ರ ತೂಗುತ್ತಿದೆ. ಅಂದರೆ ಮುಂದೆ ಬರುವ ಪ್ರಾಣಿಗಳೆಲ್ಲ ಅವನ ಕೈಬರಹದಿಂದಲೇ ಎದ್ದುಬಂದವು. ಇದನ್ನು ದೊಡ್ಡವರು ಗಮನಿಸುವ ಮುಂಚೆ ಮಕ್ಕಳು ಗಮನಿಸುತ್ತಾರೆ. ಕತೆ ಶಿಖರಕ್ಕೇರಿದಾಗ ಮೂರು ಜೋಡಿಪುಟಗಳಲ್ಲಿ ಒಂದು ಅಕ್ಷರವೂ ಇಲ್ಲ. ಅಲ್ಲಿ ಸದ್ದು ಮಾಡಬೇಕಾದವರು ಓದುವ ಮಕ್ಕಳು. ಒಳ್ಳೆಯ ಚಿತ್ರಪುಸ್ತಕ ಎಲ್ಲವನ್ನೂ ಹೇಳಿ ಮುಗಿಸುವುದಿಲ್ಲ ಎಂದಾಗ ನಾವು ಹೇಳಬಯಸುವುದು ಇದನ್ನೇ.

ನಮ್ಮ ದೇಶದಲ್ಲೂ ಇಂಥ ಕೆಲಸ ನಡೆದಿದೆ. ಚೆನ್ನೈನ ತೂಲಿಕಾ ಪ್ರಕಾಶನ 2007ರಲ್ಲಿ ಹೊರತಂದ ನೀನಾ ಸಬ್ನಾನಿಯವರ ‘ಮುಕುಂದ್ ಆಂಡ್ ರಿಯಾಝ್’ ಒಂದು ಉದಾಹರಣೆ. ಕರಾಚಿಯ ಇಬ್ಬರು ಗೆಳೆಯರು. 1947ರ ವಿಭಜನೆಯಲ್ಲಿ ಮುಕುಂದನ ಕುಟುಂಬ ಊರು ಬಿಡಬೇಕಾದಾಗ ಹಡಗು ಹತ್ತಲು ರಿಯಾಝ್ ನೆರವಾಗುತ್ತಾನೆ. ಲೇಖಕಿ ತಮ್ಮ ತಂದೆಯ ನೆನಪನ್ನೇ ಕತೆ ಮಾಡಿದ್ದಾರೆ. ಚಿತ್ರಗಳು ಬಣ್ಣದವಲ್ಲ, ಬಟ್ಟೆಯ ತುಣುಕುಗಳನ್ನು ಕತ್ತರಿಸಿ ಹೊಲಿದ ಶೈಲಿಯವು. ವಿಭಜನೆಯ ಕತೆಯನ್ನು ಹೇಳಲು ಹರಿದ ಬಟ್ಟೆಯನ್ನು ಜೋಡಿಸುವ ಕಲೆಯನ್ನು ಆರಿಸಿಕೊಂಡದ್ದರಲ್ಲಿ ಮಾತಿಗೆ ಮೀರಿದ ಅರ್ಥವಿದೆ. ಆ ಪುಟಗಳನ್ನು ನೋಡಿದ ನಮ್ಮ ಉತ್ತರ ಕರ್ನಾಟಕದ ಯಾವ ಮಗುವಾದರೂ ‘ಇದು ಅಜ್ಜಿಯ ಕೌದಿ’ ಎಂದೀತು. ಹಾಗೆಂದ ಮಗುವಿಗೆ ಮನೆಯ ಹಳೆಯ ಸೀರೆ, ಲುಂಗಿಗಳ ಚೂರುಗಳಲ್ಲಿ ತಾನೂ ಒಂದು ಹಡಗು ಮಾಡಬಹುದೆಂಬುದು ಹೊಳೆಯಲು ಎಷ್ಟು ಹೊತ್ತು ಬೇಕು?

ಉರ್ದುವಿನಲ್ಲಿ ಡಾ. ಝಾಕಿರ್ ಹುಸೇನರ ‘ಅಬ್ಬೂ ಖಾನ್ ಕೀ ಬಕರಿ’ ಇದೆ. ಮುಂದೆ ರಾಷ್ಟ್ರಪತಿಯಾದ ಅವರು ಜಾಮಿಯಾ ಮಿಲ್ಲಿಯಾವನ್ನು ಕಟ್ಟುತ್ತಿದ್ದ ಕಾಲದಲ್ಲಿ ಮಕ್ಕಳಿಗಾಗಿ ಕತೆಗಳನ್ನು ಬರೆಯುತ್ತಿದ್ದರು. ಫ್ರೆಂಚ್ ಮೂಲದ ಈ ಕತೆಯಲ್ಲಿ ಚಾಂದನಿ ಎಂಬ ಆಡು ಹಗ್ಗ ಬಿಡಿಸಿಕೊಂಡು ಬೆಟ್ಟಕ್ಕೆ ಓಡಿ, ತೋಳದ ಜೊತೆ ರಾತ್ರಿಯಿಡೀ ಕಾದಾಡಿ, ಬೆಳಗಿನ ಹೊತ್ತಿಗೆ ಸಾಯುತ್ತದೆ. ಮರದ ಮೇಲಿನ ಹಕ್ಕಿಗಳು ಗೆದ್ದವರು ಯಾರು ಎಂದು ಚರ್ಚಿಸುತ್ತವೆ. ತೋಳ ಎಂದು ಹೆಚ್ಚಿನವು ಹೇಳಿದರೆ, ಒಂದು ಮುದಿ ಹಕ್ಕಿ ಮಾತ್ರ ಚಾಂದನಿ ಎನ್ನುತ್ತದೆ. ಕತೆಗಾರ ತೀರ್ಪನ್ನು ಹಕ್ಕಿಗಳಿಗೆ ಬಿಟ್ಟಿದ್ದಾರೆ. ನಿಜದಲ್ಲಿ ಮಕ್ಕಳಿಗೆ ಬಿಟ್ಟಿದ್ದಾರೆ. ‘ನೀತಿ’ ಎಂಬ ದಪ್ಪ ಅಕ್ಷರದ ಸಾಲು ಅಲ್ಲಿಲ್ಲ.

ಕನ್ನಡಕ್ಕೂ ಈ ಬಡತನ ಇರಬೇಕಾದ್ದಿಲ್ಲ. 1930ರ ದಶಕದಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗಗಳನ್ನು ನಡೆಸಿದರು, ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಕಟ್ಟಿಕೊಟ್ಟರು. ಕುವೆಂಪು ಅವರು ಬ್ರೌನಿಂಗನ ಜರ್ಮನ್ ಊರಿನ ಕತೆಯನ್ನು ತುಂಗೆಯ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆದರು. ಅದನ್ನು ಆಡಿಸಿದ ಶಾಲೆಗಳಲ್ಲಿ ಜೋಗಿಯಾಗಲು ಒಬ್ಬ ಸಾಕು, ಇಲಿಯಾಗಲು ಎಲ್ಲರಿಗೂ ಅವಕಾಶ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಕನ್ನಡ ಚಿತ್ರಪುಸ್ತಕಗಳನ್ನು ತಂದಿತು. 2015ರಲ್ಲಿ ಅದು ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಕನ್ನಡದ ಕತೆಗಳೂ ಉರ್ದುವಿನ ಕತೆಗಳೂ ಉಚಿತವಾಗಿ ದೊರೆಯುತ್ತವೆ. ಸಾಮಗ್ರಿ ಇಲ್ಲವೆಂಬ ನೆಪ ಇನ್ನು ನಡೆಯದು.

ನಮ್ಮ ಸಮುದಾಯಕ್ಕೆ ಸಂಬಂಧಿಸಿ ಎರಡು ಮಾತು. ಮೊದಲನೆಯದು ಭಾಷೆ. ನಮ್ಮ ಮನೆಗಳಲ್ಲಿ ಅಮ್ಮಂದಿರು ಆಡುವುದು ದಖನಿ, ಬ್ಯಾರಿ, ನವಾಯತಿ. ಮಕ್ಕಳು ಕಲಿಯುವುದು ಕನ್ನಡ ಇಲ್ಲವೇ ಇಂಗ್ಲಿಷ್. ಪುಸ್ತಕ ಓದಿಸುವುದು ತನ್ನಿಂದಾಗದ ಕೆಲಸವೆಂದು ತಾಯಿ ಹಿಂಜರಿಯುತ್ತಾಳೆ. ಚಿತ್ರಕ್ಕೆ ಲಿಪಿಯಿಲ್ಲ. ಚಿತ್ರ ತೋರಿಸಿ ದಖನಿಯಲ್ಲಿ ಕತೆ ಹೇಳಿದರೆ ಅದೂ ಪುಸ್ತಕ ಓದಿದಂತೆಯೇ. ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಕಾಪಿ ತಿದ್ದಿಸುವ ತಾಯಿ, ಅದೇ ಅರ್ಧ ಗಂಟೆ ಚಿತ್ರ ತೋರಿಸಿ ಮಾತಾಡಿದರೆ ಅಕ್ಷರದ ದಾರಿಯೂ ಸಲೀಸಾಗುತ್ತದೆ. ಎರಡನೆಯದು ಪ್ರಾತಿನಿಧ್ಯ. ಮಕ್ಕಳ ಪುಸ್ತಕಗಳಲ್ಲಿ ಮುಸ್ಲಿಂ ಮಗು ಬರುವುದು ಹೆಚ್ಚಾಗಿ ಹಬ್ಬದ ಪುಟದಲ್ಲಿ, ಟೋಪಿ ಹಾಕಿಕೊಂಡು, ಸೇಮಿಯಾ ಬಟ್ಟಲು ಹಿಡಿದು. ಮಳೆಯಲ್ಲಿ ನೆನೆಯುವ, ಬೆಕ್ಕು ಕಳೆದುಕೊಳ್ಳುವ, ಮರ ಹತ್ತುವ ಮಗುವಿಗೆ ಆಯಿಶಾ ಎಂದೋ ಹಾಮಿದ್ ಎಂದೋ ಹೆಸರಿಟ್ಟರೆ ಸಾಕು. ಅದಕ್ಕೆ ಸೌಹಾರ್ದದ ಪಾಠ ಬೇಕಿಲ್ಲ.

ಆಟಿಕೆಯ ವಿಷಯದಲ್ಲಿ ನಮ್ಮ ಕಣ್ಣೆದುರೇ ಚನ್ನಪಟ್ಟಣವಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಶಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಬಂತೆಂಬ ಪ್ರತೀತಿ ಇದೆ. ಇಂದಿಗೂ ಅಲ್ಲಿನ ಚರಕಿಗಳ ಮುಂದೆ ಕೂತವರಲ್ಲಿ ಅನೇಕರು ಮುಸ್ಲಿಮರು. ಹಾಲೆ ಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಅಲ್ಲಿನ ಅತ್ಯುತ್ತಮ ಆಟಿಕೆಗಳು ಅತ್ಯಂತ ಸರಳವಾದವು: ಬುಗುರಿ, ಬಳೆಗಳ ಗೋಪುರ, ಮುಖವಿಲ್ಲದ ಗುಂಡು. ಬಳೆ ಒಮ್ಮೆ ಚಕ್ರ, ಒಮ್ಮೆ ತಟ್ಟೆ, ಒಮ್ಮೆ ಬಾವಿ. ಅದನ್ನು ಕೊಳ್ಳಲಾಗದ ಮನೆಯಲ್ಲಿ ಬೆಂಕಿಪೊಟ್ಟಣದ ರೈಲು, ತೆಂಗಿನ ಗರಿಯ ವಾಚು, ಹುಣಸೆಬೀಜ, ಅಮ್ಮಿಯ ಹಳೆಯ ದುಪಟ್ಟಾ ಇದ್ದೇ ಇವೆ. ಮೊಬೈಲ್ ಪರದೆಯ ಮೇಲಿನ ಕುದುರೆ ತಾನೇ ಓಡುತ್ತದೆ, ತಾನೇ ಕೆನೆಯುತ್ತದೆ. ಮಗು ಮಾಡಬೇಕಾದ್ದು ಏನೂ ಉಳಿದಿರುವುದಿಲ್ಲ. ನಮ್ಮ ಆಕ್ಷೇಪ ಯಂತ್ರದ ಮೇಲಲ್ಲ, ಅದು ಮಗುವಿಗೆ ಉಳಿಸದ ಕೆಲಸದ ಮೇಲೆ.

ಹಾಗಾದರೆ ದೊಡ್ಡವರ ಪಾತ್ರವೇನು? ‘ಈದ್ಗಾಹ್’ ಇದಕ್ಕೂ ಉತ್ತರ ಕೊಟ್ಟಿದೆ. ಮಗು ಹಾಮಿದ್ ಮುದುಕನ ಪಾತ್ರ ವಹಿಸಿದ, ಮುದುಕಿ ಅಮೀನಾ ಹುಡುಗಿಯಾದಳು ಎಂಬರ್ಥದ ಮಾತು ಕತೆಯ ಕೊನೆಯಲ್ಲಿದೆ. ಪ್ರೇಮಚಂದರು ಅಲ್ಲಿ ಬೇಕೆಂದೇ ನಾಟಕದ ಪರಿಭಾಷೆಯನ್ನು ಬಳಸಿದ್ದಾರೆ. ಅಮೀನಾ ಮೊದಲು ಸಿಟ್ಟಾಗುತ್ತಾಳೆ, ಆಮೇಲೆ ಅಳುತ್ತಾಳೆ, ಆ ಅಳುವಿನಲ್ಲಿ ಅವಳೂ ಆಟದೊಳಗೆ ಬರುತ್ತಾಳೆ. ಪಾಠ ಹೇಳುವುದು ಅವಳಿಗೆ ಹೊಳೆಯುವುದೇ ಇಲ್ಲ.

ಆದ್ದರಿಂದ ಪಠ್ಯ ರೂಪಿಸುವವರಲ್ಲಿ, ಮಕ್ಕಳ ಪುಸ್ತಕ ಮಾಡುವವರಲ್ಲಿ, ಮದರಸ ಮತ್ತು ಅಂಗನವಾಡಿಗಳ ಶಿಕ್ಷಕಿಯರಲ್ಲಿ ನಮ್ಮ ವಿನಂತಿ ದೊಡ್ಡದೇನಲ್ಲ. ಪಾಠದ ಕೊನೆಯ ಪ್ರಶ್ನೆಯನ್ನು ಬದಲಿಸಿ. ‘ಹಾಮಿದನಿಂದ ನಾವು ಕಲಿಯಬೇಕಾದ ಗುಣ ಯಾವುದು?’ ಎಂದು ಕೇಳುವ ಬದಲು ‘ನಿಮ್ಮ ಅಡುಗೆಮನೆಯ ಇಕ್ಕಳ ಇನ್ನೇನೇನು ಆಗಬಹುದು?’ ಎಂದು ಕೇಳಿ. ಮೊದಲನೆಯದಕ್ಕೆ ಇಡೀ ತರಗತಿ ಒಂದೇ ಉತ್ತರ ಬರೆಯುತ್ತದೆ. ಎರಡನೆಯದಕ್ಕೆ ನಲವತ್ತು ಮಕ್ಕಳು ನಲವತ್ತು ಉತ್ತರ ತರುತ್ತಾರೆ. ಅದರಲ್ಲಿ ಒಬ್ಬಳಾದರೂ ಇಕ್ಕಳಕ್ಕೆ ರೆಕ್ಕೆ ಹಚ್ಚಿಕೊಂಡು ಬಂದರೆ, ದಯಮಾಡಿ ತಿದ್ದಬೇಡಿ. ನಕ್ಕುಬಿಡಿ.